ಹಾಯಿದೋಣಿ ರಿಪೇರಿ: ದುಡ್ಡು ಮೊದಲು ಎಲ್ಲಿಗೆ ಹಾಕಬೇಕು?

ಹಳೆಯ ಹಾಯಿದೋಣಿ ಅಗ್ಗಕ್ಕೆ ಬಂದಿದೆ, ಕೊಳ್ಳಲೇ ಎಂದು ಕೇಳಿದವರಿಗೆ ನಾನು ಹಾಕುವ ಮೊದಲ ಪ್ರಶ್ನೆ: ಹೋದ ಮಳೆಗಾಲದಲ್ಲಿ ಅದು ಎಲ್ಲಿತ್ತು? ಮುಂಬೈ ಬಂದರಿನ ವಿಹಾರದ ಹಾಯಿದೋಣಿಗಳು ಮಳೆಗೆ ಮುಂಚೆ ದಡ ಹತ್ತಿ, ಮಳೆ ಮುಗಿದ ಮೇಲೆ ನೀರಿಗಿಳಿಯುತ್ತವೆ. ದಡದಲ್ಲಿ ಕೂತ ಆ ತಿಂಗಳುಗಳಲ್ಲಿ ಸರಿಯಾಗಿ ನೋಡಿಕೊಂಡ ದೋಣಿಗೂ ಟಾರ್ಪಾಲಿನಡಿ ಮರೆತುಬಿಟ್ಟ ದೋಣಿಗೂ ಖರ್ಚಿನಲ್ಲಿ ಅಜಗಜಾಂತರ.

ದೋಣಿಯ ಬೆಲೆಯ ಶೇ 10ರಷ್ಟನ್ನು ಪ್ರತಿವರ್ಷ ತೆಗೆದಿಡಿ ಎನ್ನುವುದು ರೂಢಿಯ ಮಾತು. ಹಳೆಯ ದೋಣಿಗೆ ಈ ಲೆಕ್ಕ ಸಾಲದು. 3 ಲಕ್ಷಕ್ಕೆ ಕೊಂಡದ್ದಿರಲಿ, 15 ಲಕ್ಷಕ್ಕೆ ಕೊಂಡದ್ದಿರಲಿ, ಉದ್ದ ಒಂದೇ ಆದರೆ ಬಣ್ಣ, ತಂತಿ, ಹಗ್ಗ ಬೇಕಾಗುವುದು ಹೆಚ್ಚುಕಡಿಮೆ ಒಂದೇ. ಹಾಗಾಗಿ ಅಳತೆ ಹಿಡಿದೇ ಲೆಕ್ಕ ಹಾಕಿ.

ಮೊದಲು ತಳ

ಸದಾ ನೀರಿನಲ್ಲಿ ನಿಲ್ಲುವ ದೋಣಿಯ ತಳಕ್ಕೆ ಪಾಚಿ, ಚಿಪ್ಪುಗಳು ಕಚ್ಚಿಕೊಳ್ಳುತ್ತವೆ. ಅವನ್ನು ತಡೆಯಲು ತಾಮ್ರದ ಅಂಶವಿರುವ ಆಂಟಿಫೌಲಿಂಗ್ ಬಣ್ಣ ಬೇಕು. ಎಷ್ಟು ಬೇಕು? ನೀರಿನ ಮಟ್ಟದಲ್ಲಿ ದೋಣಿಯ ಉದ್ದ 7 ಮೀಟರ್, ಅಗಲ 2.5, ನೀರಿನೊಳಗಿನ ಆಳ 1.2 ಎಂದಿಟ್ಟುಕೊಳ್ಳಿ. ಅಗಲ, ಆಳ ಕೂಡಿಸಿ ಉದ್ದದಿಂದ ಗುಣಿಸಿದರೆ ಸುಮಾರು 26. ತಳದ ಕೀಲ್ (ದೋಣಿ ಮಗುಚದಂತೆ ಕೆಳಕ್ಕೆ ಇಳಿಬಿಟ್ಟ ರೆಕ್ಕೆಯಂಥ ಭಾಗ) ತೆಳ್ಳಗಿದ್ದರೆ ಅದರ ಮುಕ್ಕಾಲು ಪಾಲು ಸಾಕು, ಅಂದರೆ ಸುಮಾರು 20 ಚದರ ಮೀಟರ್. ಲೀಟರಿಗೆ 10 ಚದರ ಮೀಟರ್ ಬಳಿಯಬಹುದು. ಎರಡು ಸಲ ಬಳಿಯಲು 4 ಲೀಟರ್. ಅಂಗಡಿಗೆ ಹೋಗುವಾಗ ಈ ಲೆಕ್ಕ ಜೇಬಿನಲ್ಲಿರಲಿ. ಹಳೆಯ ಬಣ್ಣವನ್ನು ಒಣದಾಗಿ ಉಜ್ಜಲೇಬೇಡಿ, ಆ ಧೂಳು ವಿಷ. ನೀರು ಹಾಕಿಕೊಂಡು, ಮಾಸ್ಕ್ ಕಟ್ಟಿಕೊಂಡೇ ಉಜ್ಜಿ.

ಪ್ರೊಪೆಲರ್ ಪಕ್ಕದ ಸತುವಿನ ತುಂಡನ್ನೂ ನೋಡಿ. ಪ್ರೊಪೆಲರ್ ಬದಲು ತಾನೇ ಸವೆಯಲೆಂದೇ ಅದನ್ನು ಕೂರಿಸಿರುವುದು. ಬಚ್ಚಲಿನ ಸೋಪಿನಂತೆ ಅರ್ಧ ಕರಗಿದ್ದರೆ ಬದಲಾಯಿಸಿ.

ಇನ್ನು ನೀರು ಒಳಗೆ ಹೊರಗೆ ಹರಿಯಲು ತಳದಲ್ಲಿ ಬಿಟ್ಟ ತೂತುಗಳಿಗೆ ಹಾಕಿದ ವಾಲ್ವ್‌ಗಳು. ಇಲ್ಲಿ ಉಳಿತಾಯ ಮಾಡಲು ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಹಾರ್ಡ್‌ವೇರ್ ಅಂಗಡಿಯ ಹಿತ್ತಾಳೆ ವಾಲ್ವ್ ಅಗ್ಗ ನಿಜ, ಆದರೆ ಉಪ್ಪುನೀರು ಹಿತ್ತಾಳೆಯೊಳಗಿನ ಸತುವನ್ನು ತಿಂದುಹಾಕುತ್ತದೆ. ಉಳಿದ ಲೋಹ ನಸುಗುಲಾಬಿಗೆ ತಿರುಗಿ, ಒಂದು ದಿನ ಕೈಯಲ್ಲೇ ಮುರಿದು ಬರುತ್ತದೆ. ಕಂಚು ಅಥವಾ ಗನ್‌ಮೆಟಲ್‌ನದ್ದನ್ನೇ ಹಾಕಿಸಿ.

ಸ್ಕ್ರೂ ಸಂದಿನ ನೀರು

ನಮ್ಮ 26 ಅಡಿಯ ಫೈಬರ್ ದೋಣಿಯಲ್ಲಿ ಅತಿ ದುಬಾರಿಯಾದದ್ದು ಒಂದು ಸಣ್ಣ ಸ್ಕ್ರೂ. ಡೆಕ್ಕಿನ, ಅಂದರೆ ದೋಣಿಯ ಮೇಲ್ನೆಲದ, ಫೈಬರ್ ಎರಡು ಪದರ, ನಡುವೆ ಹಗುರವಾದ ಬಾಲ್ಸಾ ಮರ. ಅಂಚಿನಲ್ಲಿ ಹಿಡಿದುಕೊಳ್ಳುವ ಕಂಬಿಯ ಬುಡದ ಸ್ಕ್ರೂ ಸಡಿಲಾಗಿತ್ತು. ಎರಡು ವರ್ಷ ನಾವು ಅದನ್ನು ತಿರುಗಿಸಿ ಬಿಗಿ ಮಾಡಿದೆವೇ ಹೊರತು ಬಿಚ್ಚಿ ನೋಡಲಿಲ್ಲ. ಕೊನೆಗೆ ಕಾಲಿಟ್ಟಲ್ಲಿ ಡೆಕ್ ಮೆತ್ತಗಾಯಿತು. ಕತ್ತರಿಸಿ ತೆಗೆದಾಗ ಒಳಗಿನ ಮರ ನೆನೆದ ರೊಟ್ಟಿಯಂತೆ ಬೆರಳಿಗೆ ಬಂತು. ಒಂದು ಟ್ಯೂಬ್ ಸೀಲೆಂಟ್‌ನಲ್ಲಿ ಮುಗಿಯುತ್ತಿದ್ದದ್ದು ಹದಿನೈದು ದಿನದ ಕೂಲಿಯಾಯಿತು.

ಅದಕ್ಕೇ ವರ್ಷಕ್ಕೊಮ್ಮೆ ಸುತ್ತಿಗೆಯ ಪ್ಲಾಸ್ಟಿಕ್ ಹಿಡಿಯಿಂದ ಡೆಕ್ಕನ್ನು ಗೇಣುಗೇಣಿಗೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಕ್ ಎನ್ನುತ್ತದೆ, ನೀರು ಕುಡಿದಲ್ಲಿ ದಬ್ ಎನ್ನುತ್ತದೆ. ದಬ್ ಎಂದಲ್ಲಿ ಚಾಕ್‌ಪೀಸಿನಿಂದ ಗೆರೆ ಹಾಕಿ.

ಫೈಬರ್ ಕೆಲಸವನ್ನು ಜಡಿಮಳೆಯಲ್ಲಿ ಮಾಡಿಸಬೇಡಿ, ತೇವದ ಹವೆಯಲ್ಲಿ ಫೈಬರನ್ನು ಅಂಟಿಸುವ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆ, ಮಂಗಳೂರಿನ ಬೋಟುಗಳೆಲ್ಲ ಆಗಲೇ ರಿಪೇರಿಗೆ ನಿಲ್ಲುತ್ತವೆ. ಪಳಗಿದ ಕೆಲಸಗಾರರು ಕೈಗೇ ಸಿಗುವುದಿಲ್ಲ. ಬೋಟುಗಳು ಕಡಲಿಗಿಳಿದ ಮೇಲೆ, ಸೆಪ್ಟೆಂಬರ್ ಕೊನೆಗೆ ಬರುವಂತೆ ಮೊದಲೇ ಹೇಳಿಟ್ಟಿರಿ.

ತಂತಿ, ಹಾಯಿ, ಎಂಜಿನ್

ಮಾಸ್ಟ್, ಅಂದರೆ ಹಾಯಿಕಂಬವನ್ನು ಹಿಡಿದು ನಿಲ್ಲಿಸುವುದು ಸ್ಟೀಲ್ ತಂತಿಗಳು. ಹತ್ತಿಬಟ್ಟೆ ಸುತ್ತಿಕೊಂಡು ತಂತಿಯುದ್ದಕ್ಕೂ ಎಳೆಯಿರಿ. ಬಟ್ಟೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲೊಂದು ಎಳೆ ಮುರಿದಿದೆ ಎಂದರ್ಥ. ಆ ತಂತಿಯನ್ನು ಮತ್ತೆ ಬಳಸಬೇಡಿ. ಎಳೆ ಮುರಿಯದಿದ್ದರೂ 10–12 ವರ್ಷವಾದ ತಂತಿಗಳನ್ನು ಬದಲಿಸುವುದು ಒಳ್ಳೆಯದು. ಇದು ದೊಡ್ಡ ಖರ್ಚು, ಹೊರದೇಶದಿಂದ ತರಿಸಿದರೆ ಸಾಗಣೆ, ಸುಂಕ ಬೇರೆ. ದೋಣಿ ಕೊಳ್ಳುವಾಗಲೇ ತಂತಿಗೆ ಎಷ್ಟು ವರ್ಷ ಎಂದು ಕೇಳಿ ಬೆಲೆ ಇಳಿಸಿ.

ಹಾಯಿಯಲ್ಲಿ ಬಿಸಿಲಿಗೆ ಮೊದಲು ಸೋಲುವುದು ಹೊಲಿಗೆಯ ದಾರ. ಉಗುರಿನಿಂದ ಹೊಲಿಗೆಯನ್ನು ಗೀರಿ ನೋಡಿ. ದಾರ ಪಟಪಟ ಕಿತ್ತು ಬಂದರೂ ಬಟ್ಟೆ ಗಟ್ಟಿಯಿದ್ದರೆ ಮರುಹೊಲಿಗೆ ಹಾಕಿಸಿದರಾಯಿತು, ಹೊಸ ಹಾಯಿಯ ಖರ್ಚು ಕೆಲವು ವರ್ಷ ಮುಂದಕ್ಕೆ ಹೋಗುತ್ತದೆ.

ಡೀಸೆಲ್ ಎಂಜಿನ್ನಿಗೆ 100 ಗಂಟೆಗೊಮ್ಮೆ, ಅಷ್ಟು ಓಡದಿದ್ದರೆ ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಎಂಜಿನ್ ತಂಪಾಗಿಡಲು ನೀರು ಎಳೆಯುವ ಪಂಪಿನ ರಬ್ಬರ್ ಇಂಪೆಲರ್ (ಒಳಗೆ ತಿರುಗುವ ಎಸಳಿನ ಚಕ್ರ) ಒಂದು ಸದಾ ಹೆಚ್ಚಿಗೆ ಇರಲಿ.

ಮಳೆಗೆ ಮುಂಚೆ ಇಡೀ ದೋಣಿಯನ್ನು ಸಿಹಿನೀರಿನಲ್ಲಿ ತೊಳೆದು, ಹಾಯಿಗಳನ್ನು ಚೆನ್ನಾಗಿ ಒಣಗಿಸಿ ಮನೆಗೆ ತನ್ನಿ. ಟಾರ್ಪಾಲನ್ನು ಗಾಳಿಯಾಡುವಂತೆ ಎರಡೂ ತುದಿ ತೆರೆದು ಕಟ್ಟಿ. ಮಳೆಗಾಲ ಪೂರ್ತಿ ಹದಿನೈದು ದಿನಕ್ಕೊಮ್ಮೆ ಹೋಗಿ ಒಳಗೆ ನೀರು ನಿಂತಿದೆಯೇ ನೋಡಿ, ಒಂದು ಸ್ಪಂಜು ಜೊತೆಗಿರಲಿ.