ಬೋರ್ಡ್ ಮೇಲಿನ ಅಂಕಿ ಅಳಿಸುವ ಲೆಕ್ಕಗಳು: ಹೊಳೆಯಲಿ ಅಂತ ಕಾಯುವುದನ್ನು ನಾನು ಬಿಟ್ಟ ಮೇಲೆ

ಬೋರ್ಡ್ ಮೇಲೆ 1ರಿಂದ 100ರವರೆಗೆ ಅಂಕಿಗಳಿವೆ. ಯಾವುದಾದರೂ ಎರಡನ್ನು ಅಳಿಸಿ, ಅವುಗಳಿಂದ ಬರುವ ಇನ್ನೊಂದನ್ನು ಬರೆಯಿರಿ. ಒಂದೇ ಅಂಕಿ ಉಳಿಯುವವರೆಗೂ ಹೀಗೇ ಮಾಡಿ. ಉಳಿದದ್ದು ಏನು? ಈ ಜಾತಿಯ ಲೆಕ್ಕಗಳನ್ನು ನೀವೂ ಮಾಡಿರುತ್ತೀರಿ. ಎಷ್ಟು ಅಳಿಸಿದರೂ ಬದಲಾಗದ ಒಂದು ಗುಣ, ಅಂದರೆ ಇನ್‌ವೇರಿಯಂಟ್, ಹಿಡಿಯಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಹಿಡಿಯುವುದು ಹೇಗೆ ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ನನಗೆ ಕಲಿಸಿದವರೊಬ್ಬರು "ಅದು ಹೊಳೆಯಬೇಕು ಕಣಪ್ಪ. ನೂರು ಲೆಕ್ಕ ಮಾಡು, ತಾನಾಗೇ ಹೊಳೆಯುತ್ತದೆ" ಅಂದಿದ್ದರು. ನೂರಲ್ಲ, ಹತ್ತಿರ ಹತ್ತಿರ 150 ಮಾಡಿದೆ. ಹೊಳೆದದ್ದು ಇಪ್ಪತ್ತೋ ಇಪ್ಪತ್ತೈದೋ ಇರಬೇಕು. ಉಳಿದವಕ್ಕೆ ಉತ್ತರ ನೋಡಿದೆ. ದುಡ್ಡು ಕೊಟ್ಟು ಎರಡು ದಪ್ಪ ಪುಸ್ತಕ ತಂದೆ, ಒಂದು ಕೋರ್ಸಿಗೂ ಸೇರಿದೆ. ಎಲ್ಲ ಕಡೆ ಉತ್ತರದ ಮೊದಲ ಸಾಲೇ "ಎಲ್ಲಾ ಅಂಕಿಗಳಿಗೂ 1 ಕೂಡಿಸಿ ಗುಣಿಸಿ ನೋಡೋಣ" ಅಂತ ಶುರುವಾಗುತ್ತಿತ್ತು. ಆ 1 ಎಲ್ಲಿಂದ ಬಂತು? ಅದೊಂದೇ ನನಗೆ ಬೇಕಾಗಿದ್ದದ್ದು. ಅದಕ್ಕೆ ಮಾತ್ರ ಉತ್ತರ ಇರಲಿಲ್ಲ. ಆ ದುಡ್ಡಿನಲ್ಲಿ ಬರೀ ಚಾಕ್ ಕೊಂಡಿದ್ದರೂ ಜಾಸ್ತಿ ಕಲಿಯುತ್ತಿದ್ದೆ ಅಂತ ಈಗಲೂ ಅನಿಸುತ್ತದೆ.

ಆಮೇಲೆ ನಾನು ಯೋಚಿಸುವುದನ್ನು ಬಿಟ್ಟು ಆಡುವುದನ್ನು ಶುರು ಮಾಡಿದೆ. 100 ಅಂಕಿ ಬೇಡ, ಮೂರೇ ಸಾಕು. ಮೊದಲು ನೋಡುವುದು ಒಂದೇ: ಅಳಿಸುವ ಕ್ರಮ ಬದಲಾದರೆ ಕೊನೆಯ ಅಂಕಿ ಬದಲಾಗುತ್ತದೆಯೇ?

ಎ, ಬಿ ಅಳಿಸಿ ಎ + ಬಿ + ಎಬಿ ಬರೆಯುವ ಹಳೆಯ ನಿಯಮವನ್ನೇ ತೆಗೆದುಕೊಳ್ಳಿ. ಬೋರ್ಡ್ ಮೇಲೆ 1, 2, 3. ಮೊದಲು 1, 2 ಅಳಿಸಿದರೆ 5. 5 ಮತ್ತು 3ರಿಂದ 23. ಈಗ ಬೇರೆ ದಾರಿ: 2, 3ರಿಂದ 11. 11 ಮತ್ತು 1ರಿಂದ ಮತ್ತೆ 23. ಕ್ರಮ ಲೆಕ್ಕಕ್ಕೇ ಬರಲಿಲ್ಲ. ಹಾಗಾದರೆ ಇದರ ಒಳಗೆ ಕೂಡುವುದೋ ಗುಣಿಸುವುದೋ ಅಡಗಿದೆ ಅಂತ ಸಂಶಯಪಡಬೇಕು.

ಎರಡನೆಯ ಹೆಜ್ಜೆ ನನ್ನ ಸ್ವಂತದ್ದು, ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಎಲ್ಲರನ್ನೂ ನುಂಗುವ ಅಂಕಿ ಯಾವುದು ಅಂತ ಹುಡುಕುತ್ತೇನೆ. ಗುಣಾಕಾರದಲ್ಲಿ ಸೊನ್ನೆ ಇದ್ದ ಹಾಗೆ. ಎ + ಬಿ + ಎಬಿ ಒಳಗೆ ಬಿ ಇರುವ ಭಾಗ ಪೂರ್ತಿ ಹಾರಿಹೋಗಬೇಕಾದರೆ ಎ = −1 ಆಗಬೇಕು. ಅಂದರೆ ಈ ಬೋರ್ಡಿನಲ್ಲಿ −1 ಸೊನ್ನೆಯ ಕೆಲಸ ಮಾಡುತ್ತಿದೆ. ಅದನ್ನು ನಿಜವಾದ ಸೊನ್ನೆಯ ಜಾಗಕ್ಕೆ ತರಲು ಎಲ್ಲದಕ್ಕೂ 1 ಕೂಡಿಸಿ. ಬಂತಲ್ಲ ಆ 1! 2 × 3 × 4 = 24, ಅದರಲ್ಲಿ 1 ಕಳೆದರೆ 23.

ಸ್ಪರ್ಧೆಗಳಲ್ಲಿ ಬರುವ ಇನ್ನೊಂದು ಲೆಕ್ಕ ಇದೆ. 49/1, 49/2, ಹೀಗೆ 49/97ರವರೆಗೆ ಬರೆದಿದೆ. ನಿಯಮ 2ಎಬಿ − ಎ − ಬಿ + 1. ಇದರ ಮೇಲೆ ನಾನು ಮೊದಲ ಸಲ ಒಂದು ಇಡೀ ಸಂಜೆ ಕಳೆದು ಎದ್ದು ಹೋಗಿದ್ದೆ. ನುಂಗುವ ಅಂಕಿ ಹುಡುಕಿದ ದಿನ ಐದು ನಿಮಿಷಕ್ಕೆ ಮುಗಿಯಿತು. ಬಿ ಹಾರಿಹೋಗಬೇಕಾದರೆ 2ಎ − 1 = 0, ಅಂದರೆ ಎ = 1/2. ಹಾಗಾದರೆ ಪ್ರತಿ ಅಂಕಿಯನ್ನು ಎರಡರಿಂದ ಗುಣಿಸಿ 1 ಕಳೆದು ನೋಡಬೇಕು. 49/ಕೆ ಅನ್ನುವುದು (98 − ಕೆ)/ಕೆ ಆಗುತ್ತದೆ. 97 ಭಿನ್ನರಾಶಿಗಳನ್ನು ಗುಣಿಸಿದರೆ ಮೇಲೆ 97ರಿಂದ 1ರವರೆಗೆ, ಕೆಳಗೆ 1ರಿಂದ 97ರವರೆಗೆ. ಎಲ್ಲ ಹೊಡೆದು ಹೋಗಿ 1 ಉಳಿಯುತ್ತದೆ. ಎರಡು ಪಟ್ಟು ಮಾಡಿ 1 ಕಳೆದರೆ 1 ಬರುವ ಅಂಕಿ 1 ಮಾತ್ರ. ಕೊನೆಯ ಅಂಕಿ ಅದೇ.

ನುಂಗುವ ಅಂಕಿ ಎಲ್ಲ ಕಡೆ ಕೆಲಸ ಮಾಡುವುದಿಲ್ಲ. ಎಬಿ/(ಎ + ಬಿ) ನಿಯಮದಲ್ಲಿ ನಾನು ಕೈ ಸುಟ್ಟುಕೊಂಡೆ. ಕ್ರಮದ ಪರೀಕ್ಷೆ ಪಾಸಾಯಿತು. 2, 3, 6 ಹಾಕಿದರೆ ಯಾವ ದಾರಿಯಲ್ಲಿ ಹೋದರೂ 1. ಆದರೆ ನುಂಗುವ ಅಂಕಿ 0 ಅಂತ ಬಂತು. ಅದು ಆಗಲೇ ಸೊನ್ನೆಯ ಜಾಗದಲ್ಲೇ ಇದೆ. ಎಲ್ಲಿಗೆ ಸರಿಸುವುದು? ಎರಡು ದಿನ ಏನೇನೋ ಗುಣಿಸಿ ನೋಡಿದೆ, ಏನೂ ಸಿಗಲಿಲ್ಲ. ಕೊನೆಗೆ ಬೇಸರದಲ್ಲಿ ಬೋರ್ಡ್ ತುಂಬಾ 1 ಬರೆದು ಅಳಿಸುತ್ತಾ ಹೋದೆ. 1 ಮತ್ತು 1ರಿಂದ 1/2. ಇನ್ನೊಂದು 1 ಸೇರಿಸಿದರೆ 1/3. ಮತ್ತೊಂದು ಸೇರಿಸಿದರೆ 1/4. ತಲೆಕೆಳಗು ಮಾಡಿ ನೋಡಿದರೆ 1, 2, 3, 4. ಸುಮ್ನೆ ಕೂಡುತ್ತಾ ಇದೆ! ಅಂದಿನಿಂದ ಈ "1 ಉಣಿಸುವ" ಪರೀಕ್ಷೆಯನ್ನು ಯಾವ ನಿಯಮ ಸಿಕ್ಕರೂ ಮಾಡುತ್ತೇನೆ. ಎ + ಬಿ + ಎಬಿಗೆ 1 ಉಣಿಸಿದರೆ 1, 3, 7, 15 ಬರುತ್ತದೆ. ಅದನ್ನು ನೋಡಿದ ಮೇಲೆ 1 ಕೂಡಿಸಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಜೊತೆಗೆ ಓದುತ್ತಿದ್ದವರು ಇದನ್ನು ಒಪ್ಪಲಿಲ್ಲ. "ಇದೆಲ್ಲ ಊಹೆ, ಪ್ರೂಫ್ ಅಲ್ಲ" ಅಂದರು. ಪ್ರೂಫ್ ಅಲ್ಲ ಅನ್ನುವುದು ನಿಜ. ಆದರೆ ಬೇಕಾದ ವಸ್ತು ಕೈಗೆ ಸಿಕ್ಕಿದ ಮೇಲೆ ಪ್ರೂಫ್ ಎರಡು ಸಾಲು. ಸಿಗದಿದ್ದರೆ ಎರಡು ಸಾಲೂ ಇಲ್ಲ. "ಕ್ರಮ ಬದಲಾದರೆ ಉತ್ತರವೂ ಬದಲಾದರೆ ಏನು ಮಾಡುತ್ತೀಯ?" ಅನ್ನುವುದು ಅವರ ಇನ್ನೊಂದು ಪ್ರಶ್ನೆ. ಅದು ಒಳ್ಳೆಯ ಪ್ರಶ್ನೆ. ಅದಕ್ಕೆ ದಾರಿ ಸಿಗಲು ನನಗೆ ಮೂರು ವಾರ ಹಿಡಿಯಿತು.

ವ್ಯತ್ಯಾಸ ಬರೆಯುವ ಲೆಕ್ಕ ಎಲ್ಲರಿಗೂ ಗೊತ್ತು: 1, 2, 3ರಿಂದ ಒಂದು ದಾರಿಯಲ್ಲಿ 2, ಇನ್ನೊಂದು ದಾರಿಯಲ್ಲಿ 0. ಉತ್ತರ ಬೇರೆ, ಆದರೆ ಸಮ–ಬೆಸ ಒಂದೇ. ಇದನ್ನೇ ಹಿಗ್ಗಿಸಿದೆ. ಮೂರು ಅಂಕಿ ಹಾಕಿ, ಬರಬಹುದಾದ ಎಲ್ಲಾ ಕೊನೆಗಳನ್ನೂ ಬರೆಯಿರಿ. ಅವುಗಳ ನಡುವಿನ ವ್ಯತ್ಯಾಸಗಳ ಮ.ಸಾ.ಅ., ಅಂದರೆ ಅವೆಲ್ಲವನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ, ತೆಗೆಯಿರಿ. ಯಾವ ಸಂಖ್ಯೆಯಿಂದ ಭಾಗಿಸಿ ಶೇಷ ನೋಡಬೇಕು ಅನ್ನುವುದನ್ನು ಅದೇ ಹೇಳುತ್ತದೆ.

ಇಲ್ಲಿ ಒಂದು ಪೆಟ್ಟು ತಿಂದಿದ್ದೇನೆ, ನೀವು ತಿನ್ನಬೇಡಿ. ನಿಯಮ 4ಎ + ಬಿ. ಯಾವುದನ್ನು ಎ ಅನ್ನಬೇಕು ಅನ್ನುವುದು ನಮ್ಮಿಷ್ಟ. 1, 2, 3 ಹಾಕಿ ನಾಲ್ಕು ಕೊನೆಗಳನ್ನು ಬರೆದೆ: 27, 18, 54, 45. ವ್ಯತ್ಯಾಸಗಳ ಮ.ಸಾ.ಅ. 9. ಒಂಬತ್ತರ ಶೇಷ ಬದಲಾಗುವುದಿಲ್ಲ ಅಂತ ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿಬಿಟ್ಟೆ. ಅದನ್ನು ಸಾಧಿಸಲು ಒಂದು ಗಂಟೆ ಒದ್ದಾಡಿದೆ. ಆಗಲಿಲ್ಲ. ಉಳಿದ ದಾರಿಗಳನ್ನೂ ಬಿಡಿಸಿದಾಗ 39, 21, 30, 15, 57 ಬಂದವು. 9 ಬಿದ್ದುಹೋಯಿತು, 3 ಉಳಿಯಿತು. ಕಾರಣ ಕಣ್ಣ ಮುಂದೆಯೇ ಇತ್ತು: 4ಎ + ಬಿ ಅಂದರೆ ಎ + ಬಿ ಜೊತೆಗೆ 3ಎ. ಒಟ್ಟು ಮೊತ್ತದ ಮೂರರ ಶೇಷ ಅಲುಗುವುದೇ ಇಲ್ಲ. ಮೂರು ಅಂಕಿಗೆ 12 ದಾರಿಗಳಿವೆ. ಹನ್ನೆರಡನ್ನೂ ಬಿಡಿಸಿ. ನಾಲ್ಕಕ್ಕೆ ನಿಲ್ಲಿಸಬೇಡಿ.

ಮಧ್ಯೆ ಒಂದು ಅಡ್ಡ ಪ್ರಯೋಗ. ನಾಲ್ಕು ಅಂಕಿಗಳನ್ನು ಸುತ್ತ ಬರೆದು, ಪಕ್ಕ ಪಕ್ಕದವುಗಳ ವ್ಯತ್ಯಾಸಗಳನ್ನು ಅವುಗಳ ಜಾಗದಲ್ಲಿ ಬರೆಯುತ್ತಾ ಹೋಗುವ ಆಟ. ಇಟಲಿಯ ಎನ್ರಿಕೊ ಡುಚಿ ಅವರ ಹೆಸರಿನಲ್ಲಿ ಇದನ್ನು ಕರೆಯುತ್ತಾರೆ. ನಾಲ್ಕು ಪೂರ್ಣಾಂಕ ಹಾಕಿದರೆ ಕೊನೆಗೆ ಎಲ್ಲ ಸೊನ್ನೆಯೇ. ಮೂರು ಹಾಕಿದರೆ ಹಾಗಲ್ಲ. 1, 1, 0 ಹಾಕಿ ನೋಡಿ, ಮೂರು ಹೆಜ್ಜೆಗೆ ತಿರುಗಿ ಅಲ್ಲಿಗೇ ಬರುತ್ತದೆ. ನಾಲ್ಕರಲ್ಲಿ ಎಷ್ಟು ಹೊತ್ತು ಎಳೆಯಬಹುದು ಅನ್ನುವುದು ನನಗೆ ಹುಚ್ಚು ಹಿಡಿಸಿತು. ಕೈಗೆ ಬಂದ ಅಂಕಿಗಳು ಸಾಮಾನ್ಯವಾಗಿ ಐದಾರು ಹೆಜ್ಜೆಗೆ ಮುಗಿಯುತ್ತಿದ್ದವು. ಹಿಂದಿನ ಮೂರರ ಮೊತ್ತವೇ ಮುಂದಿನದು ಆಗುವ ಸಾಲು ಇದೆಯಲ್ಲ, 1, 2, 4, 7, 13, 24, 44? ಅದರಿಂದ ತೆಗೆದ 7, 13, 24, 44 ಹಾಕಿದಾಗ 12 ಹೆಜ್ಜೆ ಹೋಯಿತು. ಸ್ಪರ್ಧೆಗೆ ಇದರಿಂದ ಏನೂ ಸಿಗಲಿಲ್ಲ. ಒಂದು ವಾರ ಹೋಯಿತು. ಆದರೂ ಆ ವಾರ ನನಗೆ ಇಷ್ಟ.

ಇನ್ನು ಬದಲಾಗದ್ದನ್ನಲ್ಲ, ಒಂದೇ ದಿಕ್ಕಿನಲ್ಲಿ ಇಳಿಯುವುದನ್ನು ಹುಡುಕಬೇಕಾದ ಲೆಕ್ಕಗಳು. ನನ್ನ ವಿಧಾನ ಇಲ್ಲಿ ಸೋಲುತ್ತದೆ ಅಂತ ಎಲ್ಲರೂ ಹೇಳಿದ್ದರು. ಅದಕ್ಕೇ 1986ರ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ 3ನೆಯ ಪ್ರಶ್ನೆಯನ್ನೇ ಹಿಡಿದೆ. ಪಂಚಭುಜದ ಐದು ಮೂಲೆಗಳಲ್ಲಿ ಪೂರ್ಣಾಂಕಗಳು, ಒಟ್ಟು ಮೊತ್ತ ಸೊನ್ನೆಗಿಂತ ಜಾಸ್ತಿ. ಒಂದು ಮೂಲೆಯಲ್ಲಿ ಋಣ ಸಂಖ್ಯೆ ಇದ್ದರೆ ಅದನ್ನು ಎರಡೂ ಪಕ್ಕದವಕ್ಕೆ ಕೂಡಿಸಿ, ಅದರ ಚಿಹ್ನೆ ತಿರುಗಿಸಿ. ಈ ಆಟ ನಿಂತೇ ನಿಲ್ಲುತ್ತದೆಯೇ?

ವರ್ಗಗಳ ಮೊತ್ತ ಇಳಿಯುತ್ತದೆ ಅಂದುಕೊಂಡೆ. ಸುತ್ತ 5, −1, −2, 0, 0 ಹಾಕಿದೆ. ವರ್ಗಗಳ ಮೊತ್ತ 30. −2 ಅನ್ನು ತಿರುಗಿಸಿದರೆ 5, −3, 2, −2, 0. ಮೊತ್ತ 42. ಏರಿಬಿಟ್ಟಿತು. ಇಲ್ಲಿ ಬಿಟ್ಟು ಹೋಗುವವರೇ ಜಾಸ್ತಿ. ನಾನು ಏರಿದ್ದು ಎಷ್ಟು ಅಂತ ಲೆಕ್ಕ ಹಾಕಿದೆ. ತಿರುಗಿಸಿದ ಅಂಕಿಯ ಎರಡರಷ್ಟನ್ನು, ಅದು ಮತ್ತು ಅದರ ಎರಡು ಪಕ್ಕದವು ಸೇರಿದ ಮೊತ್ತದಿಂದ ಗುಣಿಸಿದಷ್ಟು. ಆ ಮೊತ್ತದಲ್ಲಿ ಐದೂ ಅಂಕಿಗಳಿದ್ದಿದ್ದರೆ ಕೆಲಸ ಮುಗಿಯುತ್ತಿತ್ತು, ಯಾಕೆಂದರೆ ಒಟ್ಟು ಮೊತ್ತ ಧನ, ತಿರುಗಿಸಿದ್ದು ಋಣ. ಅಂದರೆ ಸೋತದ್ದು ಪೂರ್ತಿ ಅಲ್ಲ, ದೂರದ ಎರಡು ಅಂಕಿಗಳು ಮಾತ್ರ ಸಿಗಬೇಕು. ಪಕ್ಕ ಪಕ್ಕದ ಜೋಡಿಗಳ ಮೊತ್ತದ ವರ್ಗಗಳನ್ನೂ ಸೇರಿಸಿದಾಗ ಸರಿಯಾಗಿ ಅವೆರಡೇ ಬಂದವು! ಮೇಲಿನ ಉದಾಹರಣೆಯಲ್ಲಿ ಜೋಡಿಗಳದ್ದು 54ರಿಂದ 34ಕ್ಕೆ ಇಳಿಯುತ್ತದೆ. ಎರಡೂ ಸೇರಿ 84ರಿಂದ 76. ಪ್ರತಿ ಹೆಜ್ಜೆಗೂ ಇಳಿಯುವ ಪೂರ್ಣಾಂಕ, ಸೊನ್ನೆಗಿಂತ ಕೆಳಗೆ ಹೋಗಲಾರದು. ಹಾಗಾಗಿ ಆಟ ನಿಲ್ಲಲೇಬೇಕು. ಒಟ್ಟು ಹನ್ನೊಂದು ದಿನ ಹಿಡಿದಿರಬೇಕು. ಉತ್ತರ ನೋಡಲಿಲ್ಲ.

ಜೋಡಿಗಳನ್ನೇ ಮೊದಲು ನೋಡಬೇಕು ಅಂತ ನನಗೆ ಹೇಗೆ ಗೊತ್ತಾಯಿತು ಅನ್ನುವುದಕ್ಕೆ ಒಂದು ಸಣ್ಣ ಕೀಲು ಇದೆ. ಅದನ್ನು ಇಲ್ಲಿ ಬಿಚ್ಚುವುದಿಲ್ಲ. ಅಂಕಿಗಳ ಬದಲು ಶುರುವಿನಿಂದ ಆ ಮೂಲೆಯವರೆಗಿನ ಮೊತ್ತಗಳನ್ನು ಬರೆದುಕೊಂಡು ಒಂದು ಹೆಜ್ಜೆ ಆಡಿ, ಅಷ್ಟು ಮಾತ್ರ ಹೇಳುತ್ತೇನೆ.

ಆರು ಮೂಲೆಗೂ ಮಾಡಿ ನೋಡಿದೆ. ಒಂಟಿಗಳ ವರ್ಗ, ಜೋಡಿಗಳ ವರ್ಗ ಸಾಲಲಿಲ್ಲ. ಸಾಲಾಗಿ ಮೂರು ಮೂರರ ಮೊತ್ತದ ವರ್ಗಗಳೂ ಬೇಕಾದವು. ಅವನ್ನು ಹಾಗೇ ಕೂಡಿಸಿದಾಗ ಲೆಕ್ಕ ಮತ್ತೆ ತಪ್ಪಿತು. ಎದುರು ಮೂಲೆಯ ಅಂಕಿ ಎರಡೂ ಕಡೆಯಿಂದ ಬಂದು ಎರಡು ಸಲ ಎಣಿಕೆಯಾಗುತ್ತಿತ್ತು. ಅರ್ಧ ಮಾಡಿ ಕೂಡಿಸಿದೆ, ಸರಿಹೋಯಿತು. ಏಳು ಮೂಲೆಗೆ ಆ ಅರ್ಧವೂ ಬೇಡ.