ಬಡಾವಣೆಯೊಳಗಿನ ಅತಿವೇಗ, ಕರ್ಕಶ ಸದ್ದು: ದೂರು ಕೊಡುವ ಮುನ್ನ ಅಳೆದು ಬರೆದಿಡಿ

ದಾವಣಗೆರೆಯ ವಿದ್ಯಾನಗರದಲ್ಲಾಗಲಿ ನಿಟ್ಟುವಳ್ಳಿಯಲ್ಲಾಗಲಿ, ರಾತ್ರಿ ಸೈಲೆನ್ಸರ್ ಬದಲಿಸಿದ ಬೈಕೊಂದು ಮನೆಯ ಮುಂದೆ ಹಾದುಹೋದರೆ ಆಗತಾನೆ ಮಲಗಿದ ಮಗು ಬೆಚ್ಚಿ ಏಳುತ್ತದೆ. ಮನೆಯವರು ಗೇಟಿಗೆ ಬರುವಷ್ಟರಲ್ಲಿ ಬೈಕು ತಿರುವು ದಾಟಿರುತ್ತದೆ. ‘ಬಹಳ ಜೋರಾಗಿ ಓಡಿಸುತ್ತಾರೆ’ ಎಂದಷ್ಟೇ ಬರೆದ ಅರ್ಜಿಯಿಂದ ಆಗುವ ಕೆಲಸ ಕಡಿಮೆ. ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ, ಎಷ್ಟು ವೇಗದಲ್ಲಿ ಎಂಬ ವಿವರವಿದ್ದರೆ ಪೊಲೀಸರಿಗೂ ತಪಾಸಣೆಗೆ ಯಾವಾಗ ನಿಲ್ಲಬೇಕೆಂಬುದು ತಿಳಿಯುತ್ತದೆ.

ವೇಗ ಅಳೆಯಲು ಟೇಪು, ಸೀಮೆಸುಣ್ಣ ಮತ್ತು ಮೊಬೈಲಿನ ಸ್ಟಾಪ್‌ವಾಚ್ ಸಾಕು. ವಾಹನ ಸಂಚಾರ ಇಲ್ಲದ ಹೊತ್ತಿನಲ್ಲಿ ರಸ್ತೆಯ ಅಂಚಿನಲ್ಲೇ 50 ಮೀಟರ್ ಅಳೆದು ಎರಡೂ ತುದಿಗೆ ಗೆರೆ ಎಳೆಯಿರಿ. ಬಳಿಕ ಕಾಂಪೌಂಡಿನ ಒಳಗೆ ನಿಂತು, ವಾಹನದ ಮುಂದಿನ ಚಕ್ರ ಮೊದಲ ಗೆರೆ ಮುಟ್ಟಿದಾಗ ಗಡಿಯಾರ ಒತ್ತಿ, ಎರಡನೆಯದನ್ನು ಮುಟ್ಟಿದಾಗ ನಿಲ್ಲಿಸಿ. 180ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಸಿಗುತ್ತದೆ: 6 ಸೆಕೆಂಡಾದರೆ 30, ಬರೀ 3 ಸೆಕೆಂಡಾದರೆ 60. ವೇಗ ಹೀಗೆ ಇಮ್ಮಡಿಯಾದಾಗ, ಬ್ರೇಕ್ ಹಿಡಿದ ಮೇಲೆ ವಾಹನ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಚೆಂಡಿನ ಹಿಂದೆ ಓಡಿಬರುವ ಮಗುವನ್ನು ನೆನೆದರೆ ಈ ಲೆಕ್ಕದ ತೂಕ ಅರ್ಥವಾದೀತು. ಒಂದು ವಾರ, ಶಾಲೆ ಬಿಡುವ ವೇಳೆ ಮತ್ತು ರಾತ್ರಿ, ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಈ ಅಳತೆಯ ಮೇಲೆ ಯಾರಿಗೂ ದಂಡ ಹಾಕಲಾಗದು. ತಪಾಸಣೆ ಕೇಳುವುದಕ್ಕೆ ಆಧಾರವಾಗಿ ಮಾತ್ರ ಅದನ್ನು ಬಳಸಿ.

ಸದ್ದಿನ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್. ಆ ಅವಧಿಯಲ್ಲಿ ಸಾರ್ವಜನಿಕ ತುರ್ತಿನ ಹೊರತು ವಸತಿ ಪ್ರದೇಶದಲ್ಲಿ ಹಾರ್ನ್ ಮಾಡುವಂತೆಯೇ ಇಲ್ಲ. ಅನಗತ್ಯವಾಗಿ ಹಾರ್ನ್ ಮಾಡುವುದಕ್ಕೂ, ಹೊಗೆಯನ್ನು ಸೈಲೆನ್ಸರ್ ತಪ್ಪಿಸಿ ಹೊರಬಿಡುವುದಕ್ಕೂ ಮೋಟಾರು ವಾಹನ ಕಾಯ್ದೆಯ 194ಎಫ್ ಕಲಂ ಅನ್ವಯಿಸುತ್ತದೆ. ಮೊಬೈಲ್ ಆ್ಯಪ್ ತೋರಿಸುವ ಡೆಸಿಬಲ್ ಅಂದಾಜು ಮಾತ್ರ. ಅದಕ್ಕಿಂತ ಸಮಯ ಮತ್ತು ನೋಂದಣಿ ಸಂಖ್ಯೆ ಬರೆದಿಡುವುದು ಹೆಚ್ಚು ಉಪಯುಕ್ತ.

ಓಡಿಸುವವರು ಅದೇ ಬಡಾವಣೆಯ ಹುಡುಗರಾಗಿದ್ದರೆ ಅರ್ಜಿಗಿಂತ ಮೊದಲು, ಇಬ್ಬರು ಹಿರಿಯರು ಅವರ ಮನೆಗೆ ಹೋಗಿ ಸಮಾಧಾನದಿಂದ ಮಾತನಾಡುವುದೇ ಸರಿಯೆಂದು ನನಗೆ ತೋರುತ್ತದೆ. 18 ತುಂಬದವರು ಗಾಡಿ ಓಡಿಸಿ ಅಪರಾಧವೆಸಗಿದರೆ ಕಾಯ್ದೆಯ 199ಎ ಕಲಂ ಪ್ರಕಾರ ಪಾಲಕರು ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು ಎಂಬುದು ಎಷ್ಟೋ ತಂದೆ–ತಾಯಂದಿರಿಗೆ ಗೊತ್ತಿರುವುದಿಲ್ಲ.

ಫಲ ಕಾಣದಿದ್ದರೆ ಬಡಾವಣೆಯವರೆಲ್ಲರ ಸಹಿ ಹಾಕಿಸಿ, ಪಟ್ಟಿಯ ಪ್ರತಿಯನ್ನು ಲಗತ್ತಿಸಿ ಸಂಚಾರ ಠಾಣೆಗೆ ಅರ್ಜಿ ಕೊಡಿ; ಸ್ವೀಕೃತಿ ಪಡೆಯದೆ ಬರಬೇಡಿ. ರಾತ್ರಿ ಅಪಾಯಕಾರಿಯಾಗಿ ರೇಸ್ ನಡೆಯುತ್ತಿದ್ದರೆ ಆಗಲೇ 112ಕ್ಕೆ ಕರೆ ಮಾಡಿ.

ಹಂಪ್ ಬೇಕೆನಿಸಿದರೆ ಮಹಾನಗರ ಪಾಲಿಕೆಯನ್ನೇ ಕೇಳಿ. ಇಟ್ಟಿಗೆ ಚೂರು, ಸಿಮೆಂಟು ಸುರಿದು ಸ್ವಂತವಾಗಿ ಏರಿಸುವ ದಿಬ್ಬಕ್ಕೆ ಕತ್ತಲಲ್ಲಿ ಬರುವ ಸ್ಕೂಟರ್ ಸವಾರರು ಬೀಳುತ್ತಾರೆ, ಆಂಬುಲೆನ್ಸಿನಲ್ಲಿರುವ ರೋಗಿ ನರಳುತ್ತಾರೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದಂತೆ, 25 ಕಿ.ಮೀ. ವೇಗದಲ್ಲಿ ದಾಟುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಮೇಲೆ ಬಣ್ಣದ ಪಟ್ಟೆ, ಮುಂಚಿತವಾಗಿ ಸೂಚನಾ ಫಲಕ ಬೇಕು. ಹಂಪ್ ಬಂದ ಜಾಗದಲ್ಲಿ ಬ್ರೇಕ್ ಹಾಕಿ ಮತ್ತೆ ವೇಗ ಹೆಚ್ಚಿಸುವ ಸದ್ದು ಕೇಳುವುದರಿಂದ, ಅದರ ಎದುರಿನ ಮನೆಯವರನ್ನು ಕೇಳಿಯೇ ಜಾಗ ಸೂಚಿಸಿ.

ಕೆಲಸವಾಗಿ ಒಂದು ತಿಂಗಳ ನಂತರ ಅದೇ ಎರಡು ಗೆರೆಗಳ ನಡುವೆ, ಅದೇ ಹೊತ್ತಿನಲ್ಲಿ ಮತ್ತೆ ಅಳೆದು, ಹಳೆಯ ಸಂಖ್ಯೆಗಳ ಪಕ್ಕದಲ್ಲಿ ಬರೆಯಿರಿ. ವ್ಯತ್ಯಾಸ ಕಾಣದಿದ್ದರೆ ಆ ಪುಟವನ್ನೇ ಮುಂದಿನ ಅರ್ಜಿಗೆ ಲಗತ್ತಿಸಿ.