ಥಾಯ್ಲೆಂಡ್ ನಿವೃತ್ತಿ ವೀಸಾ: 8 ಲಕ್ಷ ಬಾತ್ ಯಾವ ದಿನ ಇರಬೇಕು, ಎಲ್ಲಿಯವರೆಗೆ ಇರಬೇಕು?

ನಿವೃತ್ತಿಯಾದ ಮೇಲೆ ಚಿಯಾಂಗ್ ಮಾಯ್, ಪಟ್ಟಾಯ, ಹುವಾ ಹಿನ್ ಕಡೆ ಮನೆ ಮಾಡುವ ನಮ್ಮವರಿದ್ದಾರೆ. 50 ವರ್ಷ ತುಂಬಿದವರಿಗೆ ಒಂದೊಂದು ವರ್ಷದಂತೆ ವಾಸ್ತವ್ಯ ವಿಸ್ತರಿಸಿಕೊಳ್ಳಲು ಅಲ್ಲಿ ಅವಕಾಶವಿದೆ. ಇದರಲ್ಲಿ ಎಡವುವವರಿಗೆ ಹಣದ ಕೊರತೆ ಇರುವುದಿಲ್ಲ. ತಾರೀಖಿನ ಲೆಕ್ಕ ತಪ್ಪಿರುತ್ತದೆ. ಖಾತೆಯಲ್ಲಿ ದುಡ್ಡಿದ್ದೂ ಇಮಿಗ್ರೇಷನ್ ಕೌಂಟರಿನಿಂದ ಬರಿಗೈಲಿ ವಾಪಸ್ ಬಂದವರನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಹಂತ 1: ದಾರಿ ಆರಿಸಿಕೊಳ್ಳಿ

ಬದುಕಲು ಹಣವಿದೆ ಎಂದು ಇಮಿಗ್ರೇಷನ್‌ಗೆ ತೋರಿಸಲು ಮೂರು ದಾರಿ. ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬಹುದು. ತಿಂಗಳಿಗೆ 65,000 ಬಾತ್ ಆದಾಯ ತೋರಿಸಬಹುದು. ಎರಡನ್ನೂ ಸೇರಿಸಿ ವರ್ಷಕ್ಕೆ 8 ಲಕ್ಷ ತುಂಬಿಸಲೂಬಹುದು. ನನ್ನ ಮಾತು ಕೇಳುವುದಾದರೆ ಠೇವಣಿಯನ್ನೇ ಆರಿಸಿ. ಆದಾಯದ ದಾರಿಯಲ್ಲಿ ಪ್ರತಿ ತಿಂಗಳೂ ಹೊರದೇಶದಿಂದ ಹಣ ಬರುತ್ತಲೇ ಇರಬೇಕು. ವಿನಿಮಯ ದರ ಕುಸಿದು ಒಂದು ತಿಂಗಳು 64,800 ಬಂದರೆ ತಕರಾರು ಶುರು.

ಹಂತ 2: ವೀಸಾಕ್ಕೆಂದೇ ಒಂದು ಖಾತೆ

ಖಾತೆ ನಿಮ್ಮೊಬ್ಬರ ಹೆಸರಿನಲ್ಲೇ ಇರಲಿ, ಜಂಟಿ ಖಾತೆ ಬೇಡ. ದಿನದ ಖರ್ಚಿಗೆ ಬೇರೆ ಖಾತೆ ಇಟ್ಟುಕೊಳ್ಳಿ. ಇದಕ್ಕೆ ಡೆಬಿಟ್ ಕಾರ್ಡನ್ನೇ ತೆಗೆದುಕೊಳ್ಳಬೇಡಿ. ಕಾರ್ಡಿನ ವಾರ್ಷಿಕ ಶುಲ್ಕ ನಿಮಗೆ ಹೇಳದೆ ಕಡಿತವಾಗುತ್ತದೆ. ಸರಿಯಾಗಿ 8 ಲಕ್ಷ ಇಟ್ಟವರ ಖಾತೆ ಅವತ್ತು 7,99,700ಕ್ಕೆ ಇಳಿಯುತ್ತದೆ. ಅಷ್ಟು ಸಾಕು ಅರ್ಜಿ ಬೀಳಲು. ಹಾಗಾಗಿ 8 ಲಕ್ಷದ 20 ಸಾವಿರ ಇಡಿ.

ಬ್ಯಾಂಕಿನವರು ವಿಮೆ ಸೇರಿಸಿದ ಉಳಿತಾಯ ಯೋಜನೆ, ಮ್ಯೂಚುವಲ್ ಫಂಡ್ ಅಂತ ತೋರಿಸಿದರೆ ಬೇಡ ಅನ್ನಿ. ಅಲ್ಲಿ ಹಾಕಿದ ಹಣ ವೀಸಾ ಲೆಕ್ಕಕ್ಕೆ ಬರುವುದಿಲ್ಲ.

ಹಂತ 3: ಹಣ ಕಳಿಸುವುದು

8 ಲಕ್ಷ ಬಾತ್ ಅಂದರೆ 20 ಲಕ್ಷ ರೂಪಾಯಿಗೂ ಜಾಸ್ತಿ. ಭಾರತದ ನಿವಾಸಿಯಾಗಿ ಕಳಿಸಿದರೆ ಆರ್‌ಬಿಐ ಯೋಜನೆಯಡಿ ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಅವಕಾಶವಿದೆ. ಮಿತಿಯ ಚಿಂತೆ ಇಲ್ಲ. ಆದರೆ ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು ಶೇ 20 ಟಿಸಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಹಿಡಿಯುತ್ತದೆ. ರಿಟರ್ನ್ಸ್ ಸಲ್ಲಿಸಿ ಅದನ್ನು ವಾಪಸ್ ಪಡೆಯಬಹುದು, ಆದರೆ ಅಲ್ಲಿಯವರೆಗೆ ಅಷ್ಟು ದುಡ್ಡು ಕೈಯಲ್ಲಿರುವುದಿಲ್ಲ. ಒಂದು ಪಾಲನ್ನು ಮಾರ್ಚ್‌ನಲ್ಲಿ, ಇನ್ನೊಂದನ್ನು ಏಪ್ರಿಲ್‌ನಲ್ಲಿ ಕಳಿಸಿದರೆ ಎರಡು ಆರ್ಥಿಕ ವರ್ಷಗಳ ಮಿತಿ ಸಿಗುತ್ತದೆ, ಟಿಸಿಎಸ್ ಹೊರೆ ಬಹಳಷ್ಟು ಇಳಿಯುತ್ತದೆ. ಈಗಾಗಲೇ ಅನಿವಾಸಿ ಆಗಿದ್ದರೆ ಎನ್‌ಆರ್‌ಒ ಅಥವಾ ಎನ್‌ಆರ್‌ಇ ಎಂಬ ಅನಿವಾಸಿ ಖಾತೆಯಿಂದ ಕಳಿಸಬೇಕು, ಅದಕ್ಕೆ ಮೊದಲು ನಿಮ್ಮ ಸಿಎ ಅವರನ್ನು ಕಾಣಿ.

ಡಾಲರಿನಲ್ಲೇ ಕಳಿಸಿ, ಬಾತ್‌ಗೆ ಥಾಯ್ ಬ್ಯಾಂಕೇ ಬದಲಿಸಲಿ. ಹೊರದೇಶದಿಂದ ಬಂದ ಹಣ ಇದು ಎಂಬ ಪತ್ರವನ್ನು ಅದೇ ವಾರ ಕೇಳಿ ಪಡೆಯಿರಿ.

ಹಂತ 4: ತಾರೀಖುಗಳು

ಎಡವುವುದು ಇಲ್ಲೇ. ಕ್ಯಾಲೆಂಡರ್ ಮುಂದಿಟ್ಟುಕೊಂಡು ಓದಿ. 2019ರಲ್ಲಿ ನಿಯಮ ಬದಲಾಗಿದೆ. ಅದಕ್ಕೂ ಮುಂಚೆ ವೀಸಾ ಮಾಡಿಸಿಕೊಂಡ ಹಳಬರ ಮಾತು ನಂಬಿ ಕೆಟ್ಟವರು ಬಹಳ ಜನ.

ಅರ್ಜಿ ಕೊಡುವ ದಿನಕ್ಕೆ ಎರಡು ತಿಂಗಳ ಮುಂಚಿನಿಂದ 8 ಲಕ್ಷ ಖಾತೆಯಲ್ಲಿರಬೇಕು. ವಿಸ್ತರಣೆ ಸಿಕ್ಕ ಮೇಲೆ ಮೂರು ತಿಂಗಳು ಅದನ್ನು ಮುಟ್ಟುವಂತಿಲ್ಲ. ನಂತರ ಅರ್ಧ ತೆಗೆಯಬಹುದು, ಆದರೆ ಯಾವ ದಿನವೂ 4 ಲಕ್ಷಕ್ಕಿಂತ ಕೆಳಗಿಳಿಯಬಾರದು.

ನಿಮ್ಮ ಈಗಿನ ವಾಸ್ತವ್ಯದ ಗಡುವು ಅಕ್ಟೋಬರ್ 15 ಅಂದುಕೊಳ್ಳಿ. ಅರ್ಜಿಯನ್ನು ಸಾಮಾನ್ಯವಾಗಿ 30 ದಿನ ಮೊದಲು ತೆಗೆದುಕೊಳ್ಳುತ್ತಾರೆ. ಸೆಪ್ಟೆಂಬರ್ 20ಕ್ಕೆ ಹೋಗುವುದಾದರೆ ಜುಲೈ 20ಕ್ಕೆ ಮೊತ್ತ ತುಂಬಿರಬೇಕು. ಹಣ ಕಳಿಸಿದ ದಿನವನ್ನು ಎಣಿಸುವುದಿಲ್ಲ, ಪಾಸ್‌ಬುಕ್‌ನಲ್ಲಿ ಜಮಾ ಆದ ದಿನವೇ ಲೆಕ್ಕ. ನಡುವೆ ಶನಿವಾರ, ಭಾನುವಾರ, ಹಬ್ಬದ ರಜೆ ಬರುತ್ತವೆ. ಆದ್ದರಿಂದ ಜುಲೈ 10ರೊಳಗೇ ತುಂಬಿಸಿ. ಸೆಪ್ಟೆಂಬರ್ 20ರಂದೇ ವಿಸ್ತರಣೆ ಸಿಕ್ಕರೆ ಡಿಸೆಂಬರ್ 20ರವರೆಗೆ ಕೈ ಹಾಕಬೇಡಿ. ಕೆಲವು ಕಡೆ ಮೊದಲು ‘ಪರಿಶೀಲನೆಯಲ್ಲಿದೆ’ ಎಂಬ ಮುದ್ರೆ ಹಾಕಿ ಮತ್ತೆ ಬರಹೇಳುತ್ತಾರೆ. ಆಗ ಅಂತಿಮ ಮುದ್ರೆ ಬಿದ್ದ ದಿನದಿಂದ ಮೂರು ತಿಂಗಳು ಎಣಿಸಿ. ಮುಂದಿನ ಜುಲೈ 10ಕ್ಕೆ ಮತ್ತೆ 8 ಲಕ್ಷ ಆಗಿರಬೇಕು.

ಅರ್ಧ ತೆಗೆದು ಬೇರೆ ಕಡೆ ಹಾಕಿದರೆ ಒಂದಿಷ್ಟು ಬಡ್ಡಿ ಸಿಗಬಹುದು. ಆ ಆಸೆ ಬೇಡ. ಪೂರ್ತಿ ಮೊತ್ತವನ್ನು ವರ್ಷವಿಡೀ ಸುಮ್ನೆ ಅಲ್ಲೇ ಬಿಡಿ. 4 ಲಕ್ಷದ ಗೆರೆ ಒಮ್ಮೆ ದಾಟಿದ್ದು ಮುಂದಿನ ವರ್ಷದ ಪರಿಶೀಲನೆಯಲ್ಲಿ ಕಾಣಿಸುತ್ತದೆ, ಆಗ ಸರಿಪಡಿಸಲು ಆಗುವುದಿಲ್ಲ.

ಅಲ್ಲಿ ಏಜೆಂಟರೂ ಇದ್ದಾರೆ. ಕೆಲವು ದಿನದ ಮಟ್ಟಿಗೆ ನಿಮ್ಮ ಖಾತೆಗೆ ತಾವೇ ಹಣ ಹಾಕಿ, ಪತ್ರ ಮಾಡಿಸಿ, ಮತ್ತೆ ತೆಗೆಯುತ್ತಾರೆ. ಆ ಕಡೆ ತಿರುಗಿಯೂ ನೋಡಬೇಡಿ. ಸಿಕ್ಕಿಬಿದ್ದಾಗ ಪಾಸ್‌ಪೋರ್ಟ್ ನಿಮ್ಮದು, ಹೆಸರು ನಿಮ್ಮದು.

ಹಂತ 5: ಪತ್ರ ಮತ್ತು ಪಾಸ್‌ಬುಕ್

ಬ್ಯಾಂಕಿನ ಬ್ಯಾಲೆನ್ಸ್ ಪತ್ರವನ್ನು ಅರ್ಜಿ ಕೊಡುವ ದಿನ ಬೆಳಿಗ್ಗೆಯೇ ಮಾಡಿಸಿ. ಅವತ್ತೇ 100 ಬಾತ್ ಜಮಾ ಮಾಡಿ ಪಾಸ್‌ಬುಕ್ ಮುದ್ರಿಸಿ, ಆಗ ಕೊನೆಯ ಸಾಲಿನಲ್ಲಿ ಅಂದಿನ ತಾರೀಖು ಬರುತ್ತದೆ. ಪತ್ರದ ಮೊತ್ತವೂ ಪಾಸ್‌ಬುಕ್‌ನ ಮೊತ್ತವೂ ಒಂದೇ ಇರಬೇಕು. ಹಾಗಾಗಿ ಮೊದಲು ಜಮಾ, ಆಮೇಲೆ ಪತ್ರ.

ಪಾಸ್‌ಬುಕ್ಕನ್ನು ತಿಂಗಳಿಗೊಮ್ಮೆ ಯಂತ್ರಕ್ಕೆ ಹಾಕಿ. ಬಹಳ ದಿನ ಬಿಟ್ಟರೆ ಹಲವು ವಹಿವಾಟುಗಳನ್ನು ಒಟ್ಟುಗೂಡಿಸಿ ಒಂದೇ ಸಾಲಿನಲ್ಲಿ ಮುದ್ರಿಸಿಬಿಡುತ್ತದೆ. ಆಗ ನಡುವೆ ಎಷ್ಟಿತ್ತು ಅನ್ನುವುದು ಅಧಿಕಾರಿಗೆ ಗೊತ್ತಾಗುವುದಿಲ್ಲ. ವರ್ಷದ ಸ್ಟೇಟ್‌ಮೆಂಟ್ ತನ್ನಿ ಅನ್ನುತ್ತಾರೆ, ಅದು ಕೈಗೆ ಬರಲು ದಿನಗಳು ಹಿಡಿಯಬಹುದು.

ಹಂತ 6: ಅರ್ಜಿ

ಟಿಎಂ 7 ಫಾರ್ಮ್, ಫೋಟೊ, ಸಹಿ ಮಾಡಿದ ಜೆರಾಕ್ಸ್ ಪ್ರತಿಗಳು, ವಿಳಾಸದ ದಾಖಲೆ, 1,900 ಬಾತ್ ಶುಲ್ಕ.

ಹಂತ 7: ಊರಿಗೆ ಹೋಗುವ ಮೊದಲು

ಮದುವೆ, ಹಬ್ಬ ಅಂತ ಊರಿಗೆ ಹೊರಡುವುದಿದ್ದರೆ ಮರುಪ್ರವೇಶದ ಪರವಾನಗಿ ತೆಗೆದುಕೊಳ್ಳಿ. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲ ಬೇಕಾದರೂ ಹೋಗಿ ಬರಲು 3,800 ಬಾತ್. ಅದಿಲ್ಲದೆ ವಿಮಾನ ಹತ್ತಿದರೆ ವಿಸ್ತರಣೆ ಅಲ್ಲಿಗೇ ರದ್ದು. 8 ಲಕ್ಷ ಖಾತೆಯಲ್ಲೇ ಇದ್ದರೂ ವೀಸಾ ಕೆಲಸವನ್ನು ಮೊದಲಿನಿಂದ ಶುರು ಮಾಡಬೇಕಾಗುತ್ತದೆ.